ತೂಕ ಸರಿ ಇದೆ, ಆದರೂ ಮಗಳ ಊಟದ ಚಿಂತೆ ಕಾಯಿಲೆಯೇ?

ಪ್ರಶ್ನೆ: ನಾವು ಕೊಪ್ಪಳದವರು. ಡಿಗ್ರಿ ಓದುವ ಮಗಳು ದಪ್ಪಗಾದೆ ಅಂತ ರೊಟ್ಟಿ ಬಿಟ್ಟಿದ್ದಾಳೆ. ಡಾಕ್ಟರು ತೂಕ ನೋಡಿ ಏನೂ ಆಗಿಲ್ಲ ಅಂದರು. ನನಗೆ ಸಮಾಧಾನವಿಲ್ಲ. ಇದನ್ನು ಅಳೆಯೋದು ಹೇಗೆ?

ಉತ್ತರ: ಅಕ್ಕಾ, ನಿಮ್ಮ ಅನುಮಾನವನ್ನು ತಳ್ಳಿಹಾಕಬೇಡಿ. ತೂಕ ಸರಿ ಇದ್ದವರಿಗೂ ಊಟದ ಕಾಯಿಲೆ ಬರುತ್ತದೆ. ಹೊಟ್ಟೆ ಬಿರಿಯುವಷ್ಟು ತಿಂದು ವಾಂತಿ ಮಾಡಿಕೊಳ್ಳುವ ಬುಲಿಮಿಯಾದಲ್ಲಿ ಬಹಳಷ್ಟು ಮಂದಿಯ ತೂಕ ಮಾಮೂಲಿನಂತೆಯೇ ಇರುತ್ತದೆ.

ಹಾಗಾಗಿ ತಜ್ಞರು ದಿನದ ಬದುಕು ಎಷ್ಟು ಕೆಟ್ಟಿದೆ ಅಂತಲೂ ಕೇಳುತ್ತಾರೆ. ಇದಕ್ಕೆಂದೇ ಬಾನ್ ಮತ್ತು ಫೇರ್‌ಬರ್ನ್ ಎಂಬ ಸಂಶೋಧಕರು 2008ರಲ್ಲಿ ಪ್ರಕಟಿಸಿದ 'ಸಿಐಎ' (ಕ್ಲಿನಿಕಲ್ ಇಂಪೇರ್‌ಮೆಂಟ್ ಅಸೆಸ್‌ಮೆಂಟ್) ಪ್ರಶ್ನಾವಳಿ ಇದೆ. 16 ಪ್ರಶ್ನೆ, ಕಳೆದ 28 ದಿನದ ಲೆಕ್ಕ. ಊಟ, ಮೈಕಟ್ಟು, ತೂಕದ ಯೋಚನೆಯಿಂದ ಓದಿನ ಮೇಲೆ ಗಮನ ನಿಲ್ಲಲಿಲ್ಲವೇ? ಮರೆವು ಬಂತೇ? ಮನೆಯವರ ಜೊತೆ ಕೂತು ಉಣ್ಣೋದು ಕಷ್ಟವಾಯಿತೇ? ನಿಮ್ಮ ಬಗ್ಗೆ ನಿಮಗೇ ನಾಚಿಕೆ ಅನ್ನಿಸಿತೇ? ಪ್ರತಿ ಉತ್ತರಕ್ಕೆ 0ಯಿಂದ 3 ಅಂಕ, ಒಟ್ಟು 48. ಅಂಕ 16 ಮುಟ್ಟಿದರೆ ಕಾಯಿಲೆ ಇರುವ ಸಂಭವ ಹೆಚ್ಚು. ಆದರೆ ಅಪಾಯದ ಅಂಚಿನಲ್ಲಿರುವ ಹುಡುಗಿಗೆ 10 ಬಂದರೂ ನಾನು ಸುಮ್ಮನೆ ಬಿಡುವವಳಲ್ಲ: ಆ ಹತ್ತು ಅಂಕದೊಳಗೆ ಅವಳು ಕಳಕೊಂಡ ದಿನಗಳಿವೆ. ಇಷ್ಟರಿಂದಲೇ ಕಾಯಿಲೆ ಯಾವುದೆಂದು ತೀರ್ಮಾನವಾಗದು. ಊಟದ ಅಭ್ಯಾಸ ಕೇಳುವ ಇನ್ನೊಂದು ಪ್ರಶ್ನಾವಳಿ ತುಂಬಿಸಿದ ಮೇಲೆ ಇದನ್ನು ಕೊಡುತ್ತಾರೆ.

ಪಟ್ಟಿಯಲ್ಲಿಲ್ಲದ, ನಮ್ಮೂರಿನ ಪ್ರಶ್ನೆಯೊಂದನ್ನು ನಾನು ಸೇರಿಸುತ್ತೇನೆ: ಗವಿಮಠದ ಜಾತ್ರೆಯಲ್ಲಿ ಗೆಳತಿಯರ ಜೊತೆ ದಾಸೋಹದ ಸಾಲಿನಲ್ಲಿ ಕೂತಳೇ, ಏನೋ ನೆವ ಹೇಳಿ ಮನೆಯಲ್ಲೇ ಉಳಿದಳೇ? ಮೊದಲು ಇಷ್ಟಪಡುತ್ತಿದ್ದ ಒಗ್ಗರಣಿ-ಮಿರ್ಚಿ ಕಂಡರೆ ಈಗ ಅಂಜುತ್ತಾಳೆಯೇ?

ಕೇಳುವಾಗ ತಟ್ಟೆಯ ಮಾತು ಎತ್ತಬೇಡಿ. "ಯಾಕ ಉಣ್ಣಂಗಿಲ್ಲ" ಅಂದರೆ ಬಾಗಿಲು ಹಾಕಿಕೊಳ್ಳುತ್ತಾಳೆ. "ಈ ತಿಂಗಳು ಓದಾಕ ಮನಸ್ಸು ಬರ್ತಾ ಇತ್ತೇನವ್ವಾ?" ಅಂದರೆ ಮಾತಾಡಬಹುದು.

1985ರಿಂದ ನಿಮ್ಹಾನ್ಸ್‌ನವರು ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ ಮನಸ್ಸಿನ ಕಾಯಿಲೆ ಗುರುತಿಸಲು ಕಲಿಸಿದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬೆಳೆದದ್ದು ಆ ಮಾದರಿಯಿಂದ. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದೊಯ್ಯಲು ಸಂಕೋಚ ಬೇಡ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416ಕ್ಕೆ ಮಗಳೇ ಫೋನ್ ಮಾಡಿ ಕನ್ನಡದಲ್ಲಿ ಮಾತಾಡಬಹುದು. ಮುಟ್ಟು ನಿಂತಿದ್ದರೆ, ತಲೆಸುತ್ತಿ ಬಿದ್ದರೆ, ಪದೇ ಪದೇ ವಾಂತಿ ಮಾಡಿಕೊಳ್ಳುತ್ತಿದ್ದರೆ ಪ್ರಶ್ನಾವಳಿಗೆ ಕಾಯಬೇಡಿ. ವಾಂತಿಯಿಂದ ರಕ್ತದ ಪೊಟ್ಯಾಸಿಯಂ ಇಳಿದರೆ ಹೃದಯದ ಬಡಿತವೇ ಏರುಪೇರಾಗುತ್ತದೆ. ಅವತ್ತೇ ಆಸ್ಪತ್ರೆಗೆ ಹೋಗಿ.