ಒಂದೇ ಟಿ-ಶರ್ಟಿಗೂ ಪ್ರಿಂಟ್ ಸಿಗುವ ಕಾಲದಲ್ಲಿ ಲಾಭ ಎಲ್ಲಿ ಹೋಯಿತು?

ರಾಜ್ಯೋತ್ಸವ ಹತ್ತಿರ ಬಂದರೆ ಹಳದಿ, ಕೆಂಪು ಟಿ-ಶರ್ಟುಗಳಿಗೆ ಎಲ್ಲಿಲ್ಲದ ಬೇಡಿಕೆ. ಸಂಘದವರು ಮೂರು ಅಂಗಡಿಯಲ್ಲಿ ರೇಟು ಕೇಳಿ, ನಾಲ್ಕನೆಯವರಲ್ಲಿ ಐದು ರೂಪಾಯಿ ಕಡಿಮೆಗೆ ಮಾಡಿಸುತ್ತಾರೆ. ಈ ಐದು ರೂಪಾಯಿ ಪೈಪೋಟಿ ಹಿಂದೆ ಇಷ್ಟೊಂದು ಇರಲಿಲ್ಲ.

ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್ ಬೇಕು. ಫ್ರೇಮಿಗೆ ಬಿಗಿದ ಬಲೆಗೆ ಬೆಳಕಿಗೆ ಗಟ್ಟಿಯಾಗುವ ಎಮಲ್ಷನ್ ಬಳಿದು, ಒಣಗಿಸಿ, ಮೇಲೆ ಫಿಲ್ಮ್ ಇಟ್ಟು ಬೆಳಕು ಕೊಟ್ಟು, ನೀರಿನಲ್ಲಿ ತೊಳೆದ ಮೇಲೆ ಅದು ತಯಾರು. ಸ್ಕ್ರೀನಿಗೆ 300 ರೂಪಾಯಿ ಎಂದುಕೊಂಡರೆ ನಾಲ್ಕು ಬಣ್ಣಕ್ಕೆ 1200. ಹನ್ನೆರಡು ಶರ್ಟಿನ ಆರ್ಡರಾದರೆ ತಲಾ 100 ರೂಪಾಯಿ ಇದಕ್ಕೇ ಹೋಯಿತು. 300 ಶರ್ಟಾದರೆ ಬರೀ 4 ರೂಪಾಯಿ. 'ಐವತ್ತು ಪೀಸಿಗಿಂತ ಕಡಿಮೆ ಆಗಲ್ಲ' ಎಂದು ಅಂಗಡಿಯವರು ಎನ್ನುತ್ತಿದ್ದುದು ಇದಕ್ಕೇ. ಹೊಸಬರು ಸುಲಭಕ್ಕೆ ಒಳಬರದಂತೆ ಕಸುಬಿಗೆ ಬೇಲಿಯೂ ಇತ್ತು. ನಾಲ್ಕು ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂರಿಸುವ ಕೈ ಎಲ್ಲರಿಗೂ ಇರಲಿಲ್ಲ.

ಬಿಡಿ ಆರ್ಡರಿನ ಮಾರುಕಟ್ಟೆಯನ್ನು ಆನ್‌ಲೈನಿನಲ್ಲಿ ಪ್ರಯತ್ನಿಸಿದವರಲ್ಲಿ ಮಿಂತ್ರಾ ಕೂಡ ಒಂದು. 2007ರಲ್ಲಿ ಬೆಂಗಳೂರಿನಲ್ಲಿ ಶುರುವಾದಾಗ ಅದು ಹೆಸರು, ಚಿತ್ರ ಮುದ್ರಿಸಿದ ಮಗ್ಗು, ಟಿ-ಶರ್ಟುಗಳನ್ನೇ ಮಾರುತ್ತಿತ್ತು. ಕೆಲವೇ ವರ್ಷಗಳಲ್ಲಿ ಬ್ರ್ಯಾಂಡ್ ಬಟ್ಟೆಗಳ ಮಾರಾಟಕ್ಕೆ ಹೊರಳಿತು. ಬಟ್ಟೆಯ ಮೇಲೆ ನೇರವಾಗಿ ಮುದ್ರಿಸುವ ಡಿಟಿಜಿ ಯಂತ್ರವೂ ಬಂತು, ಆದರೆ ಬೆಲೆ ದುಬಾರಿ. ಕಪ್ಪು ಶರ್ಟಾದರೆ ಮೊದಲು ದ್ರಾವಣ ಸಿಂಪಡಿಸಿ ಒಣಗಿಸಬೇಕು.

ಬೇಲಿ ಮುರಿದದ್ದು 2020ರ ಆಚೆಗೆ ಹಬ್ಬಿದ ಡಿಟಿಎಫ್, ಅಂದರೆ ಮೊದಲು ಫಿಲ್ಮಿನ ಮೇಲೆ ಮುದ್ರಿಸಿ ಆಮೇಲೆ ಬಟ್ಟೆಗೆ ಒತ್ತುವ ವಿಧಾನ. ಫಿಲ್ಮಿನ ಮೇಲೆ ಬಣ್ಣ, ಅದರ ಮೇಲೆ ಬಿಳಿ ಇಂಕು, ಹಸಿಯಿರುವಾಗಲೇ ಅಂಟು ಪುಡಿ, ಕಾಯಿಸಿ ಕರಗಿಸಿದ ಮೇಲೆ ಹೀಟ್ ಪ್ರೆಸ್ಸಿನಲ್ಲಿ ಸುಮಾರು 150-160 ಡಿಗ್ರಿಗೆ ಹತ್ತು-ಹದಿನೈದು ಸೆಕೆಂಡ್. ಸ್ಕ್ರೀನೂ ಬೇಡ, ಬಣ್ಣದ ಲೆಕ್ಕವೂ ಬೇಡ. ಪ್ರಿಂಟರ್ ಇಲ್ಲದವರೂ ಮೀಟರ್ ಲೆಕ್ಕದಲ್ಲಿ ಫಿಲ್ಮ್ ತರಿಸಿ, ಒಂದು ಹೀಟ್ ಪ್ರೆಸ್ ಇಟ್ಟುಕೊಂಡು ಅಂಗಡಿ ತೆರೆಯಬಹುದು. ಎಲ್ಲರ ಪ್ರಿಂಟೂ ಒಂದೇ ತರ ಕಂಡಾಗ ಗಿರಾಕಿ ರೇಟು ಬಿಟ್ಟು ಇನ್ನೇನು ನೋಡಿಯಾನು?

ರೇಟು ಇಳಿಸುವುದರಲ್ಲಿ ಬಿಳಿ ಇಂಕಿನ ಪಾತ್ರವೂ ದೊಡ್ಡದು. ಅದರಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಭಾರ. ಯಂತ್ರ ಸುಮ್ಮನೆ ನಿಂತರೆ ತಳಕ್ಕಿಳಿದು ನಾಝಲ್ ಕಟ್ಟುತ್ತದೆ. ಇಂಕು ಚಿಮ್ಮುವ ಹೆಡ್ ಹೋದರೆ ತಿಂಗಳ ದುಡಿಮೆ ಹೋದಂತೆ. ಹಾಗಾಗಿ ಸೀಸನ್ ಇಲ್ಲದಾಗ ಯಂತ್ರ ಓಡಲಿ ಸಾಕು ಎಂದು ಲಾಭವಿಲ್ಲದೆ ಬರೀ ಅಸಲಿಗೂ ಕೆಲಸ ಒಪ್ಪಿಕೊಳ್ಳುವವರಿದ್ದಾರೆ. ಒಮ್ಮೆ ಇಳಿದ ರೇಟು ನವೆಂಬರಿನಲ್ಲೂ ಏರುವುದಿಲ್ಲ.

ಲಾಭ ಸೋರುವ ಇನ್ನೊಂದು ಜಾಗ ಹಾಳಾದ ಪೀಸು. ಪ್ಲೇನ್ ಶರ್ಟಿಗೆ 150, ಪ್ರಿಂಟಿಗೆ 30, ಉಳಿಯುವುದು 30 ಎಂದಿಟ್ಟುಕೊಳ್ಳಿ. ಒಂದು ಶರ್ಟ್ ಕೆಟ್ಟರೆ ಆರು ಶರ್ಟಿನ ಲಾಭ ಅದರ ನಷ್ಟ ತುಂಬುವುದಕ್ಕೇ ಸರಿ. ಪುಡಿ ಪೂರ್ತಿ ಕರಗದಿದ್ದರೆ ಕೆಲವೇ ಒಗೆತಕ್ಕೆ ಅಂಚು ಏಳುತ್ತದೆ. ಆರಿದ ಮೇಲೆ ಎಳೆಯಬೇಕಾದ ಫಿಲ್ಮನ್ನು ಬಿಸಿಯಲ್ಲೇ ಎಳೆದರೆ ಅಕ್ಷರ ಅರ್ಧ ಫಿಲ್ಮಿನಲ್ಲೇ ಉಳಿಯುತ್ತದೆ. ಕೆಂಪು ಪಾಲಿಯೆಸ್ಟರ್ ಜೆರ್ಸಿಯ ಮೇಲೆ ಬಿಳಿ ಅಕ್ಷರ ಒತ್ತಿದರೆ, ಶಾಖಕ್ಕೆ ಬಟ್ಟೆಯ ಬಣ್ಣ ಮೇಲೆ ಹತ್ತಿ ದಿನ ಕಳೆಯುವುದರೊಳಗೆ ಗುಲಾಬಿಯಾಗಬಹುದು.

ಕನ್ನಡದ ಕೆಲಸದಲ್ಲಿ ಲೆಕ್ಕಕ್ಕೆ ಸಿಗದ ಸಮಯವೂ ಸೇರುತ್ತದೆ. ಗಿರಾಕಿ 'ನುಡಿ' ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಳ್ಳುತ್ತದೆ. ಹಳೆಯ ಸಾಫ್ಟ್‌ವೇರಿನಲ್ಲಿ ಯೂನಿಕೋಡ್ ಹಾಕಿದರೆ ಒತ್ತಕ್ಷರ ಒಡೆಯುತ್ತದೆ. ತಿದ್ದಿ, ಅಕ್ಷರಗಳನ್ನು ಕರ್ವ್ ಮಾಡಿ (ಫಾಂಟ್ ಬೇಡದ ಗೆರೆಚಿತ್ರವಾಗಿಸಿ), ಗಿರಾಕಿಯಿಂದ ಒಪ್ಪಿಗೆ ಪಡೆಯುವಷ್ಟರಲ್ಲಿ ಒಂದು ಗಂಟೆ ಕಳೆದಿರುತ್ತದೆ. ಇದನ್ನು ಡಿಸೈನ್ ಚಾರ್ಜ್ ಎಂದು ಬಿಲ್ಲಿನಲ್ಲಿ ಬೇರೆ ಸಾಲಾಗಿ ಬರೆಯುವುದೇ ಸರಿ. ಒಂದೆರಡು ಬಣ್ಣದ ಮುನ್ನೂರು ಶರ್ಟಿನ ಆರ್ಡರ್ ಬಂದರೆ ಮಾತ್ರ ಡಿಟಿಎಫ್ ಬಿಟ್ಟು ಸ್ಕ್ರೀನಿಗೇ ಹೋಗಬೇಕು. ಅಲ್ಲಿ ಇವತ್ತಿಗೂ ಅದೇ ಅಗ್ಗ.