ವೆಬರ್ ಹಾಕಿಸಲಾ, ಎಸ್‌ಯುನಲ್ಲೇ ಇರಲಾ?

ಪ್ರಶ್ನೆ: ನನ್ನ ಹತ್ತಿರ 1968ರ ಎಂಜಿಬಿ ಸ್ಪೋರ್ಟ್ಸ್ ಕಾರು ಇದೆ. ಜೋಡಿ ಎಸ್‌ಯು ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಎಷ್ಟು ಸಲ ಟ್ಯೂನ್ ಮಾಡಿಸಿದರೂ ಐಡ್ಲಿಂಗ್, ಅಂದರೆ ನಿಂತಲ್ಲೇ ಓಡುವ ಎಂಜಿನ್, ಒಂದೇ ಸಮ ಇರುತ್ತಿಲ್ಲ. ತೆಗೆದು ಒಂದು ವೆಬರ್ ಕಾರ್ಬುರೇಟರ್ ಹಾಕಿಸಿಬಿಡಲಾ?

ಈಗಲೇ ಬೇಡ. ವೆಬರ್ ಕೆಟ್ಟದ್ದು ಅಂತಲ್ಲ. ಕ್ಯಾಮ್ ಬದಲಾಯಿಸಿ, ಹೆಡ್ ಕೆಲಸ ಮಾಡಿಸಿ, ಗಾಡಿಯನ್ನು ರೇಸಿಗೆ ಇಳಿಸುವವರಿಗೆ ಅದು ಸರಿ. ಕಂಪನಿಯಿಂದ ಬಂದ ಹಾಗೇ ಇರುವ 1798 ಸಿಸಿ ಎಂಜಿನ್‌ಗೆ ಹಾಕಿದರೆ ಖರ್ಚಿನಷ್ಟು ಲಾಭ ಕಾಣಿಸಲ್ಲ. ಈ ಬಿ-ಸೀರೀಸ್ ಎಂಜಿನ್‌ನ ಹೆಡ್‌ನಲ್ಲಿ ಸಿಲಿಂಡರ್ ನಾಲ್ಕಿದ್ದರೂ ಗಾಳಿ ಒಳಗೆ ಹೋಗುವ ಪೋರ್ಟ್ ಎರಡೇ. ಪೋರ್ಟಿಗೊಂದು ಎಸ್‌ಯು, ಲೆಕ್ಕ ಸರಿಯಾಗಿದೆ. 45 ಡಿಸಿಒಇ ವೆಬರ್ ಅಂದರೆ ಮ್ಯಾನಿಫೋಲ್ಡೇ (ಕಾರ್ಬುರೇಟರನ್ನು ಹೆಡ್‌ಗೆ ಜೋಡಿಸುವ ಕೊಳವೆ) ಬೇರೆ. ಮೇನ್ ಜೆಟ್, ಏರ್ ಜೆಟ್, ಐಡಲ್ ಜೆಟ್, ಎಮಲ್ಷನ್ ಟ್ಯೂಬ್ ಎಲ್ಲವನ್ನೂ ನಿಮ್ಮ ಎಂಜಿನ್‌ಗೆ ಹೊಂದಿಸುತ್ತಾ ಕೂರಬೇಕು. ಎಸ್‌ಯುನಲ್ಲಿ ಒಂದು ಜೆಟ್, ಒಂದು ಸೂಜಿ, ಅಷ್ಟೇ. ಎಂಜಿನ್ ಎಳೆದಷ್ಟು ಗಾಳಿಗೆ ಕಾರ್ಬುರೇಟರ್ ಒಳಗಿನ ಪಿಸ್ಟನ್ ತಾನೇ ಮೇಲೇಳುತ್ತದೆ.

ಹಾಗಾದರೆ ಐಡ್ಲಿಂಗ್ ಯಾಕೆ ಒಂದೇ ಸಮ ಇರುತ್ತಿಲ್ಲ? ನನ್ನ ಮೊದಲ ಅನುಮಾನ ಥ್ರಾಟಲ್ ಸ್ಪಿಂಡಲ್, ಅಂದರೆ ಗಾಳಿ ಬಿಡುವ ತಟ್ಟೆಯನ್ನು ತಿರುಗಿಸುವ ಕಡ್ಡಿಯ ಮೇಲೆ. ಅದು ಸವೆದರೆ ಪಕ್ಕದಿಂದ ಕಳ್ಳಗಾಳಿ ನುಗ್ಗುತ್ತದೆ, ಆಮೇಲೆ ಯಾವ ಸ್ಕ್ರೂ ತಿರುಗಿಸಿದರೂ ಪ್ರಯೋಜನವಿಲ್ಲ. ತಣ್ಣಗಿರುವಾಗ ಸ್ಪಿಂಡಲ್ ಹಿಡಿದು ಅಲ್ಲಾಡಿಸಿ. ಗಡಗಡ ಅಂದರೆ ಬುಷ್ ಹಾಕಿಸಿ.

ಆಮೇಲೂ ಕಾರ್ಬುರೇಟರ್‌ಗೆ ಕೈ ಹಾಕಬೇಡಿ. ಟ್ಯಾಪೆಟ್, ಪ್ಲಗ್, ಪಾಯಿಂಟ್, ಟೈಮಿಂಗ್ ಇವು ಮೊದಲು. ಇಗ್ನಿಷನ್ (ಕಿಡಿ ಹೊತ್ತಿಸುವ ವ್ಯವಸ್ಥೆ) ತಪ್ಪಿಗೆ ಬೈಸಿಕೊಳ್ಳುವುದು ಯಾವಾಗಲೂ ಕಾರ್ಬುರೇಟರ್ರೇ, ಅಲ್ವಾ?

ಇನ್ನು ಟ್ಯೂನಿಂಗ್. ನಿಮ್ಮದು ಎಚ್‌ಎಸ್4 ಮಾದರಿಯ ಎಸ್‌ಯು. ಡ್ಯಾಶ್‌ಪಾಟ್‌ನಲ್ಲಿ (ಪಿಸ್ಟನ್ ಮೇಲಿನ ಎಣ್ಣೆ ತುಂಬುವ ಜಾಗ) ಎಸ್‌ಎಇ 20 ಎಣ್ಣೆ ಇದೆಯಾ ನೋಡಿ. ಎರಡೂ ಜೆಟ್ ನಟ್‌ಗಳನ್ನು ಪೂರ್ತಿ ಮೇಲೇರಿಸಿ, ಅಲ್ಲಿಂದ ಎರಡು ಸುತ್ತು ಇಳಿಸಿ. ಎಂಜಿನ್ ಬಿಸಿಯಾದ ಮೇಲೆ ಎರಡು ಥ್ರಾಟಲ್‌ಗಳನ್ನು ಸೇರಿಸುವ ಕ್ಲ್ಯಾಂಪ್ ಸಡಿಲಿಸಿ. ಒಂದು ರಬ್ಬರ್ ಪೈಪಿನ ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರ್ ಬಾಯಿಗೆ ಇಟ್ಟರೆ 'ಸ್' ಅನ್ನುವ ಸದ್ದು ಕೇಳಿಸುತ್ತದೆ. ಐಡಲ್ ಸ್ಕ್ರೂಗಳಿಂದ ಎರಡರ ಸದ್ದನ್ನೂ ಒಂದೇ ಮಾಡಿ. ಆಮೇಲೆ ಮಿಕ್ಸ್‌ಚರ್, ಅಂದರೆ ಗಾಳಿ-ಪೆಟ್ರೋಲ್ ಮಿಶ್ರಣ. ಕೆಳಗಿನ ಲಿಫ್ಟಿಂಗ್ ಪಿನ್ ಒತ್ತಿ ಪಿಸ್ಟನ್ನನ್ನು ಒಂದು ಮಿಲಿಮೀಟರ್‌ಗಿಂತ ಸ್ವಲ್ಪ ಕಡಿಮೆ ಎತ್ತಿ. ಎಂಜಿನ್ ವೇಗ ಏರಿ ಹಾಗೇ ಉಳಿದರೆ ರಿಚ್ (ಪೆಟ್ರೋಲ್ ಜಾಸ್ತಿ), ಎಂಜಿನ್ ಮುಗ್ಗರಿಸಿ ಆಫ್ ಆಗುವಂತಾದರೆ ಲೀನ್ (ಪೆಟ್ರೋಲ್ ಕಡಿಮೆ). ಚೂರು ಏರಿ ತಕ್ಷಣ ಮೊದಲಿನಂತಾದರೆ ಸರಿ. ನಟ್ ಮೇಲೆ ಹೋದರೆ ಲೀನ್, ಕೆಳಗೆ ಬಂದರೆ ರಿಚ್. ಒಂದು ಸಲಕ್ಕೆ ನಟ್‌ನ ಒಂದೇ ಮುಖ, ಅಂದರೆ ಆರನೇ ಒಂದು ಸುತ್ತು. ಒಂದನ್ನು ತಿದ್ದಿದರೆ ಇನ್ನೊಂದೂ ಸ್ವಲ್ಪ ಬದಲಾಗುತ್ತದೆ, ಹಾಗಾಗಿ ಎರಡನ್ನೂ ಮತ್ತೆ ನೋಡಿ. ಕೊನೆಗೆ ಕ್ಲ್ಯಾಂಪ್ ಬಿಗಿ ಮಾಡಿ.

ಮೆಕ್ಯಾನಿಕ್ ಬೇಕಿದ್ದರೆ ಹಳೇ ಅಂಬಾಸಡರ್ ಕೆಲಸ ಮಾಡಿದವರನ್ನು ಹುಡುಕಿ. ಅದರ 1489 ಸಿಸಿ ಎಂಜಿನ್ನೂ ಬಿ-ಸೀರೀಸ್ಸೇ, ಎಸ್‌ಯು ಅವರ ಕೈಗೆ ಹೊಸದಲ್ಲ.

ಭಾರತದಲ್ಲಿ ಇ20 (20% ಎಥೆನಾಲ್ ಬೆರೆಸಿದ) ಪೆಟ್ರೋಲ್ ಹಾಕಿಸುತ್ತಿದ್ದರೆ ಮಿಕ್ಸ್‌ಚರ್ ಲೀನ್ ಆಗುತ್ತದೆ, ನಟ್ ಒಂದೆರಡು ಮುಖ ಜಾಸ್ತಿ ಇಳಿಸಬೇಕಾಗಬಹುದು. ಹಳೇ ಪೆಟ್ರೋಲ್ ಪೈಪ್‌ಗಳನ್ನು ಎಥೆನಾಲ್ ತಾಳುವಂಥವಕ್ಕೆ ಬದಲಾಯಿಸಿ. ರಬ್ಬರ್ ಬಿರುಕು ಬಿಟ್ಟು ಪೆಟ್ರೋಲ್ ತೊಟ್ಟಿಕ್ಕುವುದು ಬಿಸಿ ಎಕ್ಸಾಸ್ಟ್ ಮೇಲೆ.