ಲೈನ್ ಮನೆಯವರು ಶಾಲೆ ಸಭೆಗೆ ಯಾಕೆ ಬರಲ್ಲ?

ಜನವರಿಯಲ್ಲಿ ಸಭೆ ಇಟ್ಟರೆ ಕೊಡಗಿನ ತೋಟದ ಲೈನ್ ಮನೆಗಳಿಂದ, ಅಂದರೆ ಕೂಲಿಯವರ ಸಾಲುಮನೆಗಳಿಂದ, ಒಬ್ಬರೂ ಬರುವುದಿಲ್ಲ. ಕಾಫಿ ಕೊಯ್ಲಿನ ಕಾಲ, ಕೊಯ್ದಷ್ಟು ಕೆ.ಜಿ.ಗೆ ಕೂಲಿ. ಮಧ್ಯಾಹ್ನ ಮೂರಕ್ಕೆ ಶಾಲೆಗೆ ಬನ್ನಿ ಅಂದರೆ ಅರ್ಧ ದಿನದ ದುಡಿಮೆ ಹೋಯಿತು. ಆಮೇಲೆ ಅದೇ ಮಾತು: ಇವರಿಗೆ ಮಕ್ಕಳ ಓದು ಬೇಕಾಗಿಲ್ಲ. ಸುಮ್ನೆ ಹೇಳೋದು.

ಬ್ರಿಟಿಷರ ಕಾಲದಲ್ಲಿ ಇಲ್ಲಿ ಕಾಫಿ ತೋಟಗಳು ಎದ್ದಾಗಿನಿಂದಲೂ ಹೊರಗಿನವರು ಕೆಲಸಕ್ಕೆ ಬರುತ್ತಲೇ ಇದ್ದಾರೆ. ಮಲಯಾಳ, ತಮಿಳು, ತುಳು ಆಡುವವರು ಬಂದರು, ಈಗ ಅಸ್ಸಾಂ, ಬಂಗಾಳದವರು. ಅವರೆಲ್ಲ ಬರುವ ಮೊದಲೇ ಇಲ್ಲಿ ಕೊಡವ ತಕ್ಕ್, ಅರೆಭಾಷೆ, ಆದಿವಾಸಿಗಳಾದ ಯರವರ ಮಾತು, ಜೇನುಕುರುಬರ ಮಾತು ಇದ್ದವು.

1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ದಿನ ಜಾರಿಗೆ ಬಂದ ಸಂವಿಧಾನದ 7ನೇ ತಿದ್ದುಪಡಿಯಲ್ಲಿ 350ಎ ವಿಧಿಯೂ ಬಂತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯಲ್ಲಿ ಕಲಿಸಲು ಸೌಲಭ್ಯ ಕೊಡಬೇಕು ಅನ್ನುತ್ತದೆ ಅದು. ಯರವರ ಹಾಡಿಯ ಮಗುವಿಗೆ ಅದರಿಂದ ಸಿಕ್ಕಿದ್ದೇನು? ಒಂದನೇ ಕ್ಲಾಸಿನಲ್ಲಿ ಕನ್ನಡ ಅರ್ಥವಾಗದೆ ಕೂತಿದ್ದೇ ಜಾಸ್ತಿ.

ಅಪ್ಪ-ಅಮ್ಮಂದಿರಿಗೆ ಶಾಲೆಯ ಆಡಳಿತದಲ್ಲಿ ಜಾಗ ಸಿಕ್ಕಿದ್ದು ಇನ್ನೂ ತಡವಾಗಿ. ಕರ್ನಾಟಕದಲ್ಲಿ 2001ರಲ್ಲಿ ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಬಂತು. 2010ರಲ್ಲಿ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ, ಸಮಿತಿಯ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು, ಹಿಂದುಳಿದ ಗುಂಪುಗಳ ಪೋಷಕರಿಗೂ ಅವರ ಪಾಲಿನಷ್ಟು ಜಾಗ ಇರಬೇಕು ಅಂದಿತು. ಒಳ್ಳೆಯ ಕಾನೂನೇ. ಆದರೆ ಕುರ್ಚಿ ಕೊಟ್ಟವರು ಸಭೆ ಯಾವ ಹೊತ್ತಿಗೆ, ಯಾವ ಮಾತಿನಲ್ಲಿ ಅಂತ ಕೇಳಲೇ ಇಲ್ಲ. ಅಸ್ಸಾಮಿನ ತಾಯಿ ಬಂದರೂ ಮಗಳೇ ದುಭಾಷಿ ಆಗಬೇಕು. 'ಇವಳು ಹೋಂವರ್ಕ್ ಮಾಡೋದೇ ಇಲ್ಲ' ಅಂತ ಟೀಚರ್ ಹೇಳಿದ್ದನ್ನು ಅವಳು ಅಮ್ಮನಿಗೆ ಹೇಗೆ ಹೇಳಿರುತ್ತಾಳೆ, ನೀವೇ ಊಹಿಸಿ!

ನನಗೆ ಗೊತ್ತಿರುವ ಟೀಚರ್ ಒಬ್ಬರು ಹೋದ ವರ್ಷ ಸಭೆಯ ನೋಟಿಸ್ ಕಳಿಸುವುದನ್ನೇ ಬಿಟ್ಟರು. ಸಂಜೆ ಕಾಫಿ ತೂಕ ಹಾಕುವ ಕಣದ ಹತ್ತಿರ ಹೋಗಿ ನಿಂತರು. ಚೀಲ ಇಳಿಸಿ, ಚೀಟಿ ಬರೆಸಿಕೊಂಡ ಮೇಲೆ ಒಬ್ಬೊಬ್ಬರೇ ಬಂದು ಮಾತಾಡಿಸಿದರಂತೆ. ಯರವರ ಹೆಂಗಸೊಬ್ಬಳು ತುಂಬಾ ಹೊತ್ತು ಸುಮ್ಮನಿದ್ದು, ಕೊನೆಗೆ ಕೇಳಿದ್ದು ಒಂದೇ: 'ನಮ್ಮ ಹುಡುಗ ಅಲ್ಲಿ ನಮ್ಮ ಮಾತಾಡಿದ್ರೆ ನೀವು ಬೈತೀರಾ, ಅಮ್ಮಾ?'